ಹೆಬ್ಬೆರಳಿನ ಬೇನೆ: ಗೌಟ್ ರೋಗವನ್ನು ಕುರಿತು ತೋಟದ ಕುಟುಂಬಗಳಿಗೆ ಕೆಲವು ಮಾತು

(ಗೋವೆಯ ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ನಾವು ಹೆಚ್ಚಾಗಿ ಆತ್ಮದ ಸಂಗತಿಗಳನ್ನು ಮಾತಾಡುತ್ತೇವೆ. ಇಂದು ಶರೀರದ ಒಂದು ಸಂಗತಿಯನ್ನು ಎತ್ತಿಕೊಂಡಿದ್ದೇವೆ. ಈ ಶರೀರವು ದೇವರಾತ್ಮನು ವಾಸಿಸುವ ಆಲಯವೆಂದು ಪೌಲನು ಕೊರಿಂಥದವರಿಗೆ ಬರೆದನಷ್ಟೆ. ಆಲಯದ ಗೋಡೆ ಬಿರುಕು ಬಿಟ್ಟರೆ ದುರಸ್ತಿ ಮಾಡುವುದೂ ಭಕ್ತಿಯ ಕೆಲಸವೇ.

ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ ಕಡೆಗಳಿಂದ ಬಂದು ಗೋವೆಯ ಗೇರು ಗುಡ್ಡಗಳಲ್ಲಿ, ತೆಂಗಿನ ತೋಟಗಳಲ್ಲಿ, ಅಡಿಕೆಯ ಕುಳಾಗರಗಳಲ್ಲಿ ದುಡಿಯುವ ನಮಗೆ ಆಸ್ತಿಯೆಂದರೆ ಎರಡು ಕೈ, ಎರಡು ಕಾಲು. ಕಾಲು ನಿಂತರೆ ಅಂದಿನ ಕೂಲಿ ನಿಂತಿತು, ಕೂಲಿ ನಿಂತರೆ ಅಂಗಡಿಯ ಸಾಲ ಬೆಳೆಯಿತು. ಆದ್ದರಿಂದ ಕಾಲನ್ನೇ ಹಿಡಿಯುವ ಗೌಟ್ ಎಂಬ ರೋಗದ ಗುಣವನ್ನು ನಾವು ತಿಳಿದಿರಬೇಕು.

ರೋಗದ ಗುರುತು

ಈ ರೋಗವು ಬಹಳ ಸಲ ರಾತ್ರಿಯ ಹೊತ್ತು ಬರುತ್ತದೆ. ಸಂಜೆ ಚೆನ್ನಾಗಿ ನಡೆದು ಬಂದ ಮನುಷ್ಯನು ನಡುರಾತ್ರಿಯಲ್ಲಿ ಕಾಲಿನ ಹೆಬ್ಬೆರಳಿನ ಬುಡದಲ್ಲಿ ಕೆಂಡ ಇಟ್ಟಂತೆ ಉರಿದು ಎದ್ದು ಕೂರುತ್ತಾನೆ. ಕೀಲು ಕೆಂಪಾಗಿ ಊದಿ ಬಿಸಿಯಾಗುತ್ತದೆ. ಹೊದಿಕೆ ತಾಕಿದರೂ ಸಹಿಸಲಾಗದು. ಒಂದು ಹಗಲು ಒಂದು ರಾತ್ರಿಯೊಳಗೆ ನೋವು ತುದಿ ಮುಟ್ಟುತ್ತದೆ. ಬಳಿಕ ಒಂದೆರಡು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಮೊದಲ ಸಲ ಬಂದವರಲ್ಲಿ ಸುಮಾರು ಅರ್ಧ ಮಂದಿಗೆ ಹೆಬ್ಬೆರಳಿನಲ್ಲೇ ಬರುತ್ತದೆ. ಉಳಿದವರಿಗೆ ಪಾದ, ಹರಡು, ಮಂಡಿ, ಮಣಿಕಟ್ಟುಗಳಲ್ಲಿ ಬರಬಹುದು.

ಹೀಗೆ ಬಂದು ಹೋಗುವ ಗುಣದಿಂದಲೇ ಈ ರೋಗವು ಬಡವನ ಮಾನ ಕಳೆಯುತ್ತದೆ. ಸೋಮವಾರ ಕುಂಟುತ್ತಿದ್ದವನು ಮುಂದಿನ ವಾರ ಬುಟ್ಟಿ ಹೊತ್ತು ನಡೆಯುವುದನ್ನು ಕಂಡವರು, ‘ಕುಡಿದು ಬಿದ್ದಿದ್ದ, ನೆಪ ಹೇಳಿದ’ ಎನ್ನುತ್ತಾರೆ. ಮೇಸ್ತ್ರಿ ಹಾಜರಿ ಪಟ್ಟಿಯಿಂದ ಹೆಸರು ಹೊಡೆಯುತ್ತಾನೆ. ಪಕ್ಕದ ಮನೆಯವರು ಮಾಟವೆನ್ನುತ್ತಾರೆ. ನಮ್ಮ ಸಭೆಯವರೇ ಕೆಲವರು, ‘ಏನು ಪಾಪ ಮಾಡಿದ್ದನೋ’ ಎನ್ನುವುದುಂಟು. ಮನೆಯ ಹೆಂಗಸು ಗಂಡನ ಪಾಲಿನ ಕೆಲಸವನ್ನೂ ಸೇರಿಸಿ ಮಾಡಿ, ಈ ಮಾತುಗಳನ್ನೂ ಕೇಳಬೇಕು.

ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪದ ಫಲವೆಂದು ಕೇಳಿದಾಗ ಸ್ವಾಮಿಯು ಆ ಲೆಕ್ಕವನ್ನೇ ತಳ್ಳಿಹಾಕಿದನೆಂದು ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಓದುತ್ತೇವೆ. ರೋಗಿಯನ್ನು ಕಂಡಾಗ ನಾವು ಕೇಳಬೇಕಾದದ್ದು ‘ಏನು ಮಾಡಿದೆ’ ಎಂದಲ್ಲ, ‘ಏನು ಮಾಡೋಣ’ ಎಂದು.

ಒಳಗೆ ನಡೆಯುವುದೇನು

ನಾವು ತಿನ್ನುವ ಕೆಲವು ಆಹಾರಗಳಲ್ಲೂ ನಮ್ಮ ಶರೀರದ ಕಣಗಳಲ್ಲೂ ಪ್ಯೂರಿನ್ ಎಂಬ ವಸ್ತುವಿದೆ. ಅದು ಒಡೆದಾಗ ಯೂರಿಕ್ ಆಮ್ಲವಾಗುತ್ತದೆ. ಮೂತ್ರಪಿಂಡಗಳು ಅದರ ಹೆಚ್ಚಿನ ಪಾಲನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಒಂದು ಲೋಟ ನೀರಿಗೆ ಉಪ್ಪು ಹಾಕುತ್ತಾ ಹೋಗಿ: ಒಂದು ಅಳತೆಯ ತನಕ ಕರಗುತ್ತದೆ, ಆಮೇಲೆ ತಳದಲ್ಲಿ ಕೂರುತ್ತದೆ. ರಕ್ತದಲ್ಲಿ ಯೂರಿಕ್ ಆಮ್ಲಕ್ಕೂ ಹಾಗೆ ಒಂದು ಅಳತೆ ಇದೆ. 100 ಮಿಲಿಲೀಟರು ರಕ್ತಕ್ಕೆ ಸುಮಾರು 6.8 ಮಿಲಿಗ್ರಾಂ. ಅದನ್ನು ದಾಟಿ ಬಹುಕಾಲ ನಿಂತರೆ ಸೂಜಿಯಂಥ ಹರಳುಗಳಾಗಿ ಕೀಲುಗಳಲ್ಲಿ ಕೂರಬಹುದು. ಕಾಲ್ಬೆರಳು ಶರೀರದ ತಣ್ಣನೆಯ ಭಾಗವಾದ್ದರಿಂದ ಹರಳು ಅಲ್ಲಿ ಬೇಗ ಕಟ್ಟುತ್ತದೆ. ಆ ಹರಳುಗಳ ಮೇಲೆ ಶರೀರದ ಕಾವಲುಗಾರ ಕಣಗಳು ಯುದ್ಧಕ್ಕೆ ಹೋದಾಗ ಆಗುವ ಉರಿಯೇ ಗೌಟ್ ನೋವು.

ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ. ಯೂರಿಕ್ ಆಮ್ಲದ ಮೂರರಲ್ಲಿ ಎರಡು ಪಾಲು ನಮ್ಮ ಶರೀರದೊಳಗೇ ಹುಟ್ಟುತ್ತದೆ. ತಟ್ಟೆಯಿಂದ ಬರುವುದು ಮೂರರಲ್ಲಿ ಒಂದು ಪಾಲು ಮಾತ್ರ. ಹೆಚ್ಚಿನ ರೋಗಿಗಳಲ್ಲಿ ದೋಷವಿರುವುದು ಮೂತ್ರಪಿಂಡಗಳು ಅದನ್ನು ಸಾಕಷ್ಟು ಹೊರಹಾಕದೆ ಇರುವುದರಲ್ಲಿ, ಮತ್ತು ಅದು ಬಹಳ ಮಟ್ಟಿಗೆ ವಂಶದಿಂದ ಬಂದದ್ದು. ಒಂದು ತೊಟ್ಟು ಕುಡಿಯದವನಿಗೂ ಗೌಟ್ ಬರುತ್ತದೆ. ಆದ್ದರಿಂದ ರೋಗಿಯ ನಡತೆಯನ್ನು ರೋಗದಿಂದ ಅಳೆಯಬೇಡಿ.

ಹಿಂದೆ ಇದನ್ನು ಅರಸರ ರೋಗವೆಂದು ಕರೆದರು. ಸ್ಪೇನ್ ದೇಶವನ್ನಾಳಿದ ಐದನೇ ಚಾರ್ಲ್ಸ್ ಚಕ್ರವರ್ತಿಯು ಈ ಬೇನೆಯಿಂದ ನರಳಿ 1556ರಲ್ಲಿ ಸಿಂಹಾಸನ ಬಿಟ್ಟನು. ಅವನ ಬೆರಳಿನ ಮೂಳೆಯನ್ನು ಪರೀಕ್ಷಿಸಿದವರು ಅದರಲ್ಲಿ ಇದೇ ಹರಳುಗಳನ್ನು ಕಂಡರೆಂದು 2006ರಲ್ಲಿ ಪ್ರಕಟವಾಯಿತು. ಅರಮನೆಯ ರೋಗ ಇಂದು ಲೈನ್ ಮನೆಗೂ ಬಂದಿದೆ. ಗಂಡಸರಿಗೆ ಇದು ಹೆಚ್ಚು. ಹೆಂಗಸರಿಗೆ ಸಾಮಾನ್ಯವಾಗಿ ಮುಟ್ಟು ನಿಂತ ಮೇಲೆ ಬರುತ್ತದೆ. ತೂಕ ಹೆಚ್ಚಿದವರು, ಬಿ.ಪಿ., ಸಕ್ಕರೆ ರೋಗ, ಮೂತ್ರಪಿಂಡದ ತೊಂದರೆ ಇರುವವರು ಹೆಚ್ಚು ಎಚ್ಚರವಾಗಿರಬೇಕು.

ನೋವು ಎದ್ದಾಗ ಮನೆಯಲ್ಲಿ ಮಾಡಬೇಕಾದದ್ದು

ಕಾಲಿಗೆ ವಿಶ್ರಾಂತಿ ಕೊಡಿ. ದಿಂಬಿನ ಮೇಲೆ ಎತ್ತರಿಸಿ ಇಡಿ. ಹೊದಿಕೆ ತಾಕದಂತೆ ನೋಡಿಕೊಳ್ಳಿ. ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಿ. ಸಿಗದಿದ್ದರೆ ಮಡಕೆಯ ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಸಾಕು. ದಿನಕ್ಕೆ ಕೆಲವು ಸಲ ಹೀಗೆ ಮಾಡಬಹುದು. ನೀರು ಚೆನ್ನಾಗಿ ಕುಡಿಸಿ. ಅಂದೇ, ತಪ್ಪಿದರೆ ಮರುದಿನ, ಡಾಕ್ಟರರಿಗೆ ತೋರಿಸಿ. ಗೌಟಿನ ಔಷಧಿಯನ್ನು ಮೊದಲ ದಿನವೇ ಆರಂಭಿಸಿದರೆ ಗುಣ ಬೇಗ.

ಮಾಡಬಾರದ್ದನ್ನೂ ಕೇಳಿ. ಊದಿದ ಕೀಲನ್ನು ಎಣ್ಣೆ ಹಾಕಿ ತಿಕ್ಕಬೇಡಿ, ಎಳೆಯಬೇಡಿ; ಅದು ಉಳುಕಲ್ಲ. ಬಿಸಿ ಇಟ್ಟಿಗೆಯ ಕಾವು ಬೇಡ. ಬರೆ ಹಾಕಿಸಬೇಡಿ, ಬರೆಯ ಗಾಯ ಕೀತು, ಒಂದು ರೋಗ ಎರಡಾಗುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಹಚ್ಚಲೇಬೇಡಿ. ಬೀಜ ಒಡೆಯುವವರ ಕೈ ನೋಡಿದವರಿಗೆ ಆ ಎಣ್ಣೆ ಚರ್ಮವನ್ನು ಹೇಗೆ ಸುಟ್ಟು ಬೊಬ್ಬೆ ಎಬ್ಬಿಸುತ್ತದೆಂದು ಗೊತ್ತು.

ಕೀಲು ಊದಿದವೆಲ್ಲ ಗೌಟ್ ಅಲ್ಲವೆಂಬುದನ್ನೂ ತಿಳಿಯಿರಿ. ಚಳಿಜ್ವರದೊಂದಿಗೆ ಒಂದೇ ಕೀಲು ಊದಿದರೆ, ಅಥವಾ ಮುಳ್ಳು ಚುಚ್ಚಿದ ಗಾಯದ ಬಳಿ ಊದಿದರೆ, ಕೀಲಿನೊಳಗೆ ಕೀವು ಆಗಿರಬಹುದು. ಆಗ ರಾತ್ರಿಯಾದರೂ ಕಾಯಬೇಡಿ, ಆಸ್ಪತ್ರೆಗೆ ಒಯ್ಯಿರಿ. ತಡಮಾಡಿದರೆ ಕೀಲು ಹೋಗುತ್ತದೆ, ಪ್ರಾಣಕ್ಕೂ ಅಪಾಯ. ಜ್ವರದ ಜೊತೆ ಹಲವು ಕೀಲುಗಳು ಒಟ್ಟಿಗೆ ಹಿಡಿದರೆ ಚಿಕೂನ್‌ಗುನ್ಯಾ ಇರಬಹುದು. ಅದಕ್ಕೂ ಪರೀಕ್ಷೆ ಬೇಕು.

ಕುಡಿತದ ಮಾತು

ಗೋವೆಯಲ್ಲಿ ಈ ರೋಗದ ಮಾತಾಡುವಾಗ ಗೇರಿನ ಸುಗ್ಗಿಯ ಮಾತು ಬಾರದೆ ಇರದು. ಬೇಸಿಗೆಯಲ್ಲಿ ಗುಡ್ಡದ ಮೇಲೆ ಹಣ್ಣು ಬೀಳುತ್ತದೆ. ಕೊಳಂಬಿಯಲ್ಲಿ ತುಳಿದು ರಸ ಇಳಿಸುತ್ತಾರೆ. ಹುಳಿ ಬಂದ ರಸವನ್ನು ಬಟ್ಟಿ ಇಳಿಸಿದರೆ ಮೊದಲು ಉರ್ರಾಕ್, ಮತ್ತೊಮ್ಮೆ ಇಳಿಸಿದರೆ ಫೆನಿ. 2009ರಲ್ಲಿ ಗೋವೆಯ ಗೇರು ಫೆನಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಈ ಊರಿನವರಿಗೆ ಅದು ಹೆಮ್ಮೆ, ಬದುಕು. ಅದನ್ನು ಹೀಯಾಳಿಸುವುದು ನಮ್ಮ ಕೆಲಸವಲ್ಲ. ಆದರೆ ಗೌಟ್ ಇರುವವನಿಗೆ ಅದು ವಿಷದ ಹಾಗೆ.

ಕಾರಣ ಕೇಳಿ. ಮದ್ಯವು ಯೂರಿಕ್ ಆಮ್ಲವನ್ನು ಹೆಚ್ಚು ಹುಟ್ಟಿಸುತ್ತದೆ, ಮೂತ್ರಪಿಂಡವು ಅದನ್ನು ಹೊರಹಾಕದಂತೆ ತಡೆಯುತ್ತದೆ, ಶರೀರದ ನೀರನ್ನೂ ಒಣಗಿಸುತ್ತದೆ. ಬಿಯರಿನಲ್ಲಿ ಪ್ಯೂರಿನ್ ಕೂಡ ಇದೆ. ಅದು ಎಲ್ಲಕ್ಕಿಂತ ಕೆಟ್ಟದ್ದು. ಅದರ ನಂತರ ಫೆನಿಯಂಥ ಗಟ್ಟಿ ಸಾರಾಯಿ. ಉರ್ರಾಕನ್ನು ಸಿಹಿ ಲಿಂಬೆ ಸೋಡಾದೊಂದಿಗೆ ಬೆರೆಸಿ ಕುಡಿಯುವುದು ರೂಢಿ. ಸಿಹಿ ಪಾನೀಯದ ಸಕ್ಕರೆಯೂ ಯೂರಿಕ್ ಆಮ್ಲ ಹೆಚ್ಚಿಸುವುದರಿಂದ ಒಂದೇ ಲೋಟದಲ್ಲಿ ಎರಡು ಪೆಟ್ಟು. ಇಡೀ ದಿನ ಬಿಸಿಲಲ್ಲಿ ಬೆವರು ಸುರಿಸಿ, ನೀರು ಕುಡಿಯದೆ, ಸಂಜೆ ಅದನ್ನು ಕುಡಿದು, ಮೇಲೆ ಒಣಮೀನು ತಿಂದು ಮಲಗಿದವನಿಗೆ ರಾತ್ರಿ ಹೆಬ್ಬೆರಳು ಉರಿದರೆ ಆಶ್ಚರ್ಯವಿಲ್ಲ.

ಪೌಲನು ತಿಮೊಥೆಯನಿಗೆ ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ಹೇಳಿದನಲ್ಲಾ ಎಂದು ಕೆಲವರು ನಮ್ಮನ್ನು ಕೇಳುವುದುಂಟು. ತಿಮೊಥೆಯನ ಕಾಯಿಲೆ ಹೊಟ್ಟೆಯದು, ನಮ್ಮದು ಕೀಲಿನದು. ಒಬ್ಬನ ಔಷಧಿ ಮತ್ತೊಬ್ಬನಿಗೆ ಔಷಧಿಯಲ್ಲ. ಆದರೆ ದಿನವೂ ಬಹಳ ಕುಡಿಯುವವನು ಒಮ್ಮೆಗೇ ಬಿಟ್ಟರೆ ನಡುಕ, ಭ್ರಮೆ, ಫಿಟ್ಸ್ ಬರಬಹುದು. ಅಂಥವರು ಡಾಕ್ಟರರ ಸಹಾಯದಿಂದ ಬಿಡಬೇಕು.

ತಟ್ಟೆಯ ಮಾತು

ಕಡಿಮೆ ಮಾಡಬೇಕಾದವು: ಈರಳು, ಬೋಟಿ, ಗುಂಡಿಗೆ, ಮಿದುಳು ಮುಂತಾದ ಒಳಮಾಂಸಗಳನ್ನು ಬಿಟ್ಟೇಬಿಡಿ. ಕ್ರಿಸ್‌ಮಸ್ ಹಬ್ಬಕ್ಕೆ ನೆರೆಯವರು ಪ್ರೀತಿಯಿಂದ ಕಳಿಸುವ ಸೊರ್ಪೊತೆಲ್‌ನಲ್ಲಿ ಹಂದಿಯ ಮಾಂಸದ ಜೊತೆ ಈರಳೂ ಇರುತ್ತದೆ. ಗೌಟ್ ಇರುವವರು ಕೈಮುಗಿದು ಮನೆಯ ಉಳಿದವರಿಗೆ ಬಿಡಲಿ. ತಾರ್ಲೆ, ಬಾಂಗಡೆ, ಸಿಗಡಿ, ತಿಸ್ರ್ಯೊ ಎಂದು ಇಲ್ಲಿ ಕರೆಯುವ ಚಿಪ್ಪಿನ ಜೀವಿ, ಇವುಗಳಲ್ಲಿ ಪ್ಯೂರಿನ್ ಹೆಚ್ಚು. ಒಣಮೀನಿನಲ್ಲಿ ನೀರು ಹೋಗಿ ಅದು ಇನ್ನೂ ಗಟ್ಟಿಯಾಗಿರುತ್ತದೆ, ಉಪ್ಪೂ ಹೆಚ್ಚು. ಮೀನು ಅಗ್ಗದ ಸಾರು, ಪೂರಾ ಬಿಡಿ ಎಂದು ನಾವು ಹೇಳುವುದಿಲ್ಲ. ನೋವಿನ ದಿನಗಳಲ್ಲಿ ಬಿಡಿ. ಉಳಿದಾಗ ವಾರಕ್ಕೆ ಒಂದೆರಡು ಸಲ, ಅಂಗೈಯಷ್ಟು. ಕೋಳಿ, ಕುರಿ ಮಾಂಸಕ್ಕೂ ಅದೇ ಅಳತೆ.

ಕೀಲು ನೋವಿಗೆ ಕಾಲು ಸೂಪು ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿದೆ. ಮಾಂಸವನ್ನು ಬಹಳ ಹೊತ್ತು ಕುದಿಸಿದಾಗ ಪ್ಯೂರಿನ್ ಆ ನೀರಿಗೇ ಇಳಿಯುತ್ತದೆ. ಗೌಟ್ ರೋಗಿಗೆ ಸೂಪು ಕೊಡುವುದು ಉರಿಯುವ ಒಲೆಗೆ ಕಟ್ಟಿಗೆ ಹಾಕಿದಂತೆ.

ತಿನ್ನಬಹುದಾದವು: ನಮ್ಮ ಹಿರಿಯರ ಊಟವೇ ಇದಕ್ಕೆ ಒಳ್ಳೆಯ ಪಥ್ಯ. ಜೋಳದ ರೊಟ್ಟಿ, ರಾಗಿ, ಅನ್ನ, ಸೊಪ್ಪು, ತರಕಾರಿ, ಮೊಟ್ಟೆ ಇವಕ್ಕೆ ಭಯವಿಲ್ಲ. ಬೇಳೆಕಾಳು ಬಿಡಬೇಕೆಂದು ಕೆಲವರು ಹೆದರಿಸುತ್ತಾರೆ. ಬೇಳೆಯಲ್ಲಿ ಪ್ಯೂರಿನ್ ಸ್ವಲ್ಪ ಇದ್ದರೂ ಸಸ್ಯದ ಪ್ಯೂರಿನ್ ಮಾಂಸದ ಪ್ಯೂರಿನ್‌ನಂತೆ ರೋಗವನ್ನು ಕೆರಳಿಸುವುದಿಲ್ಲವೆಂದು ಸಂಶೋಧಕರು ಕಂಡಿದ್ದಾರೆ. ಕೂಲಿಯವನು ಮೀನನ್ನೂ ಬಿಟ್ಟು ಬೇಳೆಯನ್ನೂ ಬಿಟ್ಟರೆ ದುಡಿಯುವ ಶಕ್ತಿ ಎಲ್ಲಿಂದ ಬರಬೇಕು? ಬೆಣ್ಣೆ ತೆಗೆದ ಮಜ್ಜಿಗೆ ಬಹಳ ಒಳ್ಳೆಯದು. ಅದು ಯೂರಿಕ್ ಆಮ್ಲವನ್ನು ಇಳಿಸಲು ನೆರವಾಗುತ್ತದೆ. ನೆಲ್ಲಿಕಾಯಿ, ಪೇರಲ, ಲಿಂಬೆಗಳ ಸಿ ಜೀವಸತ್ವದಿಂದಲೂ ಅಲ್ಪ ಪ್ರಯೋಜನವಿದೆ. ಬಾಬೆಲಿನ ಅರಮನೆಯಲ್ಲಿ ದಾನಿಯೇಲನೂ ಅವನ ಗೆಳೆಯರೂ ಅರಸನ ಭೋಜನವನ್ನು ಬೇಡವೆಂದು ಹತ್ತು ದಿನ ಕಾಯಿಪಲ್ಯ ತಿಂದು ನೀರು ಕುಡಿದು ಪುಷ್ಟರಾಗಿ ಕಂಡ ಸಂಗತಿಯನ್ನು ನಮ್ಮ ಸಂಡೇ ಸ್ಕೂಲಿನ ಮಕ್ಕಳೂ ಬಲ್ಲರು.

ನೀರು: ದಿನಕ್ಕೆ ಎರಡೂವರೆಯಿಂದ ಮೂರು ಲೀಟರು, ಬಿಸಿಲ ಕೆಲಸದಲ್ಲಿ ಇನ್ನೂ ಹೆಚ್ಚು. ಗುಡ್ಡ ಹತ್ತುವಾಗ ಬಾಟಲಿ ಜೊತೆಗಿರಲಿ. ಮೂತ್ರ ಗಾಢ ಹಳದಿಯಾದರೆ ನೀರು ಸಾಲದೆಂದು ತಿಳಿಯಿರಿ. ಹೃದಯ ಅಥವಾ ಮೂತ್ರಪಿಂಡದ ರೋಗಿಗಳು ಮಾತ್ರ ಡಾಕ್ಟರರು ಹೇಳಿದ ಅಳತೆಯಲ್ಲೇ ಕುಡಿಯಬೇಕು.

ತೂಕ ಹೆಚ್ಚಿದ್ದರೆ ನಿಧಾನವಾಗಿ ಇಳಿಸಿ. ಒಮ್ಮೆಗೇ ಊಟ ಬಿಟ್ಟರೆ ಯೂರಿಕ್ ಆಮ್ಲ ಏರುತ್ತದೆ. ಉಪವಾಸ ಪ್ರಾರ್ಥನೆ ಮಾಡುವ ನಮ್ಮ ಸಭೆಗಳು ಇದನ್ನು ಗಮನಿಸಬೇಕು. ಗೌಟ್ ಇರುವವರು ನೀರೂ ಇಲ್ಲದೆ ದೀರ್ಘ ಉಪವಾಸ ಮಾಡಿದರೆ ನೋವು ಏಳಬಹುದು. ಅವರು ಲಘುವಾದ ಊಟ, ಧಾರಾಳ ನೀರು ತೆಗೆದುಕೊಂಡು ಪ್ರಾರ್ಥಿಸಲಿ. ಕರ್ತನು ಹೃದಯವನ್ನು ನೋಡುವವನು.

ಮನೆಮದ್ದಿನ ಮಾತು

ಈ ಗೋವೆಯಲ್ಲೇ ಗಾರ್ಸಿಯಾ ದ ಓರ್ತಾ ಎಂಬ ವೈದ್ಯನು ಇಲ್ಲಿನ ಗಿಡಮೂಲಿಕೆಗಳ ವಿಷಯವಾಗಿ ಬರೆದ ಗ್ರಂಥ 1563ರಲ್ಲಿ ಅಚ್ಚಾಯಿತು. ಗಿಡಮದ್ದನ್ನು ನಾವು ಕೀಳೆನ್ನುವುದಿಲ್ಲ. ಗೌಟಿಗೆ ಇಂದಿಗೂ ಕೊಡುವ ಕಾಲ್ಚಿಸಿನ್ ಗುಳಿಗೆ ಹುಟ್ಟಿದ್ದೇ ಒಂದು ಗಿಡದ ಗಡ್ಡೆಯಿಂದ. ಆದರೆ ಅಳತೆ ತಪ್ಪಿದರೆ ಅದೇ ಕಾಲ್ಚಿಸಿನ್ ಪ್ರಾಣ ತೆಗೆಯುತ್ತದೆ. ಗಿಡದ್ದು ಎಂದ ಮಾತ್ರಕ್ಕೆ ನಿರಪಾಯವೆಂದಲ್ಲ.

ಆಯುರ್ವೇದದಲ್ಲಿ ವಾತರಕ್ತವೆಂದು ಹೇಳುವ ಬೇನೆಗೆ ಅಮೃತಬಳ್ಳಿಯನ್ನು ಬಳಸುತ್ತಾರೆ. ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಈರಳು ಕೆಟ್ಟದ್ದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆದ್ದರಿಂದ ಬೇಲಿಯ ಬಳ್ಳಿ ಕಿತ್ತು ತಾವೇ ಕಷಾಯ ಮಾಡಬೇಡಿ. ಕಲಿತ ವೈದ್ಯರನ್ನು ಕೇಳಿ. ಬಿಂಬಲಿ ಕಾಯಿ, ಕಮರಾಕ್ಷಿ ಹಣ್ಣುಗಳ ರಸವನ್ನು ಲೋಟಗಟ್ಟಲೆ ಕುಡಿಯಬೇಡಿ. ಸಾರಿಗೆ ಹುಳಿಯಾಗಿ ಒಂದೆರಡು ಕಾಯಿ ಹಾಕುವುದು ಬೇರೆ. ಬಿಂಬಲಿ ರಸವನ್ನು ಔಷಧಿಯೆಂದು ಕುಡಿದು ಮೂತ್ರಪಿಂಡ ಕೆಟ್ಟವರ ಪ್ರಕರಣಗಳು ಕೇರಳದಿಂದ ವರದಿಯಾಗಿವೆ. ಸಕ್ಕರೆ ಹಾಕದ ಮುರುಗಲು ನೀರು, ಲಿಂಬೆ ನೀರು ದಾಹಕ್ಕೆ ಚೆನ್ನ. ಅವು ರೋಗ ಕಳೆಯುತ್ತವೆಂದು ಮಾತ್ರ ಎಣಿಸಬೇಡಿ.

ಗುಳಿಗೆಯ ಮಾತು

ಪಥ್ಯದಿಂದ ಯೂರಿಕ್ ಆಮ್ಲ ಇಳಿಯುವುದು ಸಾಮಾನ್ಯವಾಗಿ ಒಂದು ಮಿಲಿಗ್ರಾಮಿನಷ್ಟು ಮಾತ್ರ. ಕೆಲವರಿಗೆ ಅಷ್ಟೇ ಸಾಕು. ವರ್ಷಕ್ಕೆ ಎರಡು ಸಲ ಅಥವಾ ಹೆಚ್ಚು ನೋವು ಬರುವವರಿಗೆ, ಚರ್ಮದಡಿಯಲ್ಲಿ ಸುಣ್ಣದ ಗಂಟಿನಂತೆ ಕಟ್ಟಿದವರಿಗೆ, ಮೂತ್ರದಲ್ಲಿ ಕಲ್ಲು ಆದವರಿಗೆ ಬಹಳ ಸಲ ನಿತ್ಯದ ಔಷಧಿ ಬೇಕಾಗುತ್ತದೆ. ಅಲೋಪ್ಯೂರಿನಾಲ್ ಎಂಬುದು ಅವುಗಳಲ್ಲಿ ಹಳೆಯದು, ಅಗ್ಗದ್ದು. ಅದನ್ನು ರೂಪಿಸಿದವರಲ್ಲಿ ಒಬ್ಬಳಾದ ಗರ್ಟ್ರೂಡ್ ಎಲಿಯನ್ ಎಂಬ ಹೆಣ್ಣುಮಗಳು 1988ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದಳು. ಸಣ್ಣ ಪ್ರಮಾಣದಲ್ಲಿ ಆರಂಭಿಸಿ, ರಕ್ತ ಪರೀಕ್ಷೆ ನೋಡುತ್ತಾ, ಯೂರಿಕ್ ಆಮ್ಲ 6ಕ್ಕಿಂತ ಕೆಳಗೆ ಬರುವ ತನಕ ಡಾಕ್ಟರರು ಏರಿಸುತ್ತಾರೆ. ಮೊದಲ ಕೆಲವು ತಿಂಗಳು ನೋವು ಮತ್ತೆ ಏಳಬಹುದು. ಹಳೆಯ ಹರಳು ಕರಗುವಾಗ ಹಾಗಾಗುತ್ತದೆ. ಗಾಬರಿಯಾಗಿ ಗುಳಿಗೆ ಬಿಡಬೇಡಿ. ಆದರೆ ಮೈಮೇಲೆ ದದ್ದು ಎದ್ದರೆ, ಬಾಯಲ್ಲಿ ಹುಣ್ಣಾದರೆ, ಆ ಗುಳಿಗೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ.

ಅಂಗಡಿಯಲ್ಲಿ ‘ನೋವಿನ ಗುಳಿಗೆ ಕೊಡಿ’ ಎಂದು ಕೇಳಿ ದಿನವೂ ನುಂಗುವ ಅಭ್ಯಾಸ ನಮ್ಮಲ್ಲಿ ಬಹಳ. ಬಿಸಿಲಲ್ಲಿ ಒಣಗಿದ ಶರೀರಕ್ಕೆ ಅವು ಮೂತ್ರಪಿಂಡವನ್ನು ಕೆಡಿಸುತ್ತವೆ, ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ. ಸಂತೆಯಲ್ಲಿ ಮಾರುವ ಹೆಸರಿಲ್ಲದ ವಾಯು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ನೋವು ಮಾಯವಾದಂತೆ ಕಂಡು, ಕಾಲಕ್ರಮದಲ್ಲಿ ಸಕ್ಕರೆ ರೋಗ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ.

ಇನ್ನೆರಡು ಎಚ್ಚರಿಕೆ. ಟಿ.ಬಿ. ಔಷಧಿ ತಿನ್ನುವವರಿಗೆ ಮೊದಲ ತಿಂಗಳುಗಳಲ್ಲಿ ಪೈರಾಜಿನಮೈಡ್ ಗುಳಿಗೆಯಿಂದ ಯೂರಿಕ್ ಆಮ್ಲ ಏರಿ ಕೀಲು ನೋಯಬಹುದು. ಅದಕ್ಕಾಗಿ ಟಿ.ಬಿ. ಔಷಧಿಯನ್ನು ತಾವಾಗಿ ಬಿಡಬೇಡಿ, ಕೊಟ್ಟವರಿಗೆ ತಿಳಿಸಿ. ಬಿ.ಪಿ.ಗೆ ಕೊಡುವ ಕೆಲವು ನೀರಿನ ಗುಳಿಗೆಗಳೂ ಹೀಗೆ ಮಾಡುತ್ತವೆ. ಅವುಗಳನ್ನೂ ಕೇಳದೆ ನಿಲ್ಲಿಸಬಾರದು. ಡಾಕ್ಟರರು ಬದಲಿಸಿ ಕೊಟ್ಟಾರು.

ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಯೂರಿಕ್ ಆಮ್ಲ, ಮೂತ್ರಪಿಂಡ, ಸಕ್ಕರೆ, ಬಿ.ಪಿ. ನೋಡಿಸಿ. ನೋವಿನ ದಿನ ಯೂರಿಕ್ ಆಮ್ಲ ಸರಿಯಾಗಿದೆಯೆಂದು ಬಂದರೂ ನಂಬಿ ಕೂರಬೇಡಿ. ನೋವಿನ ವೇಳೆ ಅದು ಇಳಿದು ತೋರುವುದುಂಟು. ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ನೋಡಿಸಬೇಕು. ದೊಡ್ಡ ತೊಂದರೆಗೆ ಮಡಗಾಂವ್ ಮತ್ತು ಮಾಪಸಾದ ಜಿಲ್ಲಾ ಆಸ್ಪತ್ರೆಗಳಿವೆ, ಬಾಂಬೋಳಿಯಲ್ಲಿ ಗೋವಾ ಮೆಡಿಕಲ್ ಕಾಲೇಜಿದೆ. ಇ.ಎಸ್.ಐ. ಚೀಟಿ ಇದ್ದವರು ಅದನ್ನು ಮರೆಯದೆ ಒಯ್ಯಿರಿ. ಹಳೆಯ ಗುಳಿಗೆಗಳ ಪಟ್ಟಿಯೂ ಜೊತೆಗಿರಲಿ.

ಸಭೆಯು ಮಾಡಬಹುದಾದದ್ದು

ಒಳ್ಳೆಯ ಸಮಾರ್ಯದವನು ಗಾಯಾಳುವನ್ನು ಕಂಡು ಗಾಯ ಕಟ್ಟಿದನು, ತನ್ನ ಪಶುವಿನ ಮೇಲೆ ಹೊತ್ತೊಯ್ದನು, ಛತ್ರದ ಖರ್ಚನ್ನೂ ಕೊಟ್ಟನು. ನಾವೂ ಅಷ್ಟು ಮಾಡಬಲ್ಲೆವು. ಒಬ್ಬ ಸಹೋದರನ ಕಾಲು ಹಿಡಿದಾಗ, ಇದು ರೋಗ, ನೆಪವಲ್ಲ ಎಂದು ನಾಲ್ವರು ಸೇರಿ ಮೇಸ್ತ್ರಿಗೆ ಹೇಳೋಣ. ಡಾಕ್ಟರರ ಚೀಟಿ ತೋರಿಸೋಣ. ಆಸ್ಪತ್ರೆಯಲ್ಲಿ ಕೊಂಕಣಿ, ಮರಾಠಿ ಬಾರದೆ ತೊಡರುವವರ ಜೊತೆ ಇಲ್ಲಿನ ಶಾಲೆಯಲ್ಲಿ ಕಲಿತ ನಮ್ಮ ಮಕ್ಕಳಲ್ಲಿ ಒಬ್ಬರು ಹೋಗಲಿ. ಆ ಮನೆಗೆ ಒಂದು ದಿನದ ನೀರು, ಕಟ್ಟಿಗೆ ತಂದುಕೊಟ್ಟರೆ ಅಕ್ಕನ ಬೆನ್ನು ಹಗುರಾದೀತು. ಮದುವೆ, ನಾಮಕರಣಗಳಲ್ಲಿ ಬೇಡವೆಂದವನ ಕೈಗೆ ಲೋಟ ತುರುಕದೆ ಮಜ್ಜಿಗೆ ಕೊಡೋಣ.

ಯೆಹೂದದ ಅರಸನಾದ ಆಸನಿಗೆ ಆಳ್ವಿಕೆಯ 39ನೇ ವರ್ಷದಲ್ಲಿ ಕಾಲಿನ ರೋಗ ಬಂತೆಂದೂ, ಅವನು ದೇವರನ್ನು ಹುಡುಕದೆ ವೈದ್ಯರನ್ನೇ ನಂಬಿದನೆಂದೂ ಪೂರ್ವಕಾಲವೃತ್ತಾಂತದ ಎರಡನೇ ಪುಸ್ತಕ ಹೇಳುತ್ತದೆ. ಅದು ಗೌಟೇ ಇರಬಹುದೆಂದು ಕೆಲವರು ಎಣಿಸುತ್ತಾರೆ. ಇದನ್ನು ಓದಿ ಡಾಕ್ಟರರ ಬಳಿ ಹೋಗುವುದು ಅವಿಶ್ವಾಸವೆಂದು ಬೋಧಿಸುವವರಿದ್ದಾರೆ. ಆಸನ ತಪ್ಪು ವೈದ್ಯರನ್ನು ಕರೆದದ್ದಲ್ಲ, ದೇವರನ್ನು ಮರೆತದ್ದು. ಸುವಾರ್ತೆ ಬರೆದ ಲೂಕನೇ ವೈದ್ಯನಾಗಿದ್ದನಲ್ಲವೇ? ಮೊಣಕಾಲೂರಿ ಪ್ರಾರ್ಥಿಸಿರಿ, ಎದ್ದು ಆರೋಗ್ಯ ಕೇಂದ್ರಕ್ಕೆ ನಡೆಯಿರಿ. ಎರಡೂ ಒಂದೇ ದೇವರ ದಾರಿ.

ಹಣ್ಣು ಬೀಳುವ ಕಾಲ ಬರುವ ಮುಂಚೆ ಪ್ರತಿ ಮನೆಯಲ್ಲೂ ಈ ಮಾತುಗಳನ್ನು ಒಮ್ಮೆ ಓದಿ ಹೇಳಿ. ಓದು ಬಾರದ ನೆರೆಯವರನ್ನೂ ಕರೆದು ಕೂರಿಸಿಕೊಳ್ಳಿ. ನಿಮ್ಮ ಕಾಲುಗಳು ಎಡವದಂತೆಯೂ ನಿಮ್ಮ ಕೂಲಿ ತಪ್ಪದಂತೆಯೂ ಕರ್ತನು ನಿಮ್ಮನ್ನು ಕಾಯಲಿ. ಆಮೆನ್.